ಮುನ್ನೂರಾ ನಲವತ್ತು

ನಸುಕಿನ ನಾಲ್ಕೂವರಿಗೆ ಹೊರಗ ಬಂದ್ರ
ನನ್ನ ಓಮ್ನಿ ನಿಲ್ಲಿಸಿದಲ್ಲೆ ಇರೂದಿಲ್ಲ.
ಮಂಜಿನಾಗ ಕೈಯಾಡಿಸಿ ಹುಡುಕಬೇಕು,
ಕತ್ತಲ ಕೊಟ್ಟಿಗ್ಯಾಗ ಎಮ್ಮಿ ಹುಡುಕಿದಂಗ.

ಮೊದಲ ಕನ್ನಡಿ. ಬಲಕ್ಕೊಂದು, ಎಡಕ್ಕೊಂದು.
ಮಾವನ ಹಳೇ ಧೋತರದ ತುಂಡು,
ನೂರು ಸಲ ಒಗದು ಬೆಣ್ಣಿ ಆದದ್ದು,
ಅದರಿಂದ ಒರಸಬೇಕು. ಟವೆಲ್ಲು ಎಳಿ ಬಿಡತೈತಿ.
ಪೇಪರು ನಡೀತೈತಿ, ಆದ್ರ ನಿನ್ನೀದು.
ಇವತ್ತಿನ ಸುದ್ದಿ ಇನ್ನೂ ಹಸಿ, ಕರೀ ಹತ್ತತೈತಿ.
ಕುದಿಯೋ ನೀರು ಸುರುವಬಾರದು.
ಹಿಂದಿನ ಓಣಿ ಬಸಪ್ರಭು ಸುರುವಿದ,
ಠಣ್ ಅಂತು. ಎಂಟು ದಿನ ಗಾಜಿಲ್ಲದ ತಿರಗ್ಯಾಡಿದ.

ಹೊರಗಿನ ಮಂಜು ಇಷ್ಟಕ್ಕ ಮುಗೀತು.
ಒಳಗಿಂದು ಬ್ಯಾರೆ.

ಸಂಕೇಶ್ವರ ನಾಕಾದಾಗ ಏಳು ಮಂದಿ ಏರತಾರ,
ಸಕ್ರಿ ಕಾರಖಾನಿ ಮೊದಲ ಪಾಳಿಯವರು:
ತೂಕದ ಕಾಟಾದ ಮಲಗೌಡ್ರು,
ರಸದಾಗ ಸಕ್ರಿ ಎಷ್ಟಂತ ಅಳೆಯೂ ಜಯಮಾಲಾ,
ಬಾಯ್ಲರ್ ಮುಂದಿನ ದಸ್ತಗೀರ,
ಉಳದವರು ಮಫ್ಲರಿನೊಳಗ ಯಾರೋ ಏನೋ.
ಬೀಡಿ, ಬಳ್ಳೊಳ್ಳಿ, ಅರ್ಧ ನಿದ್ದಿ,
ಏಳೂ ಮಂದಿ ಉಸರು ಕೂಡಿ
ಹಿರಣ್ಯಕೇಶಿ ದಾಟೂದ್ರೊಳಗ
ಗ್ಲಾಸೆಲ್ಲಾ ಹಾಲು.

ದೊಡ್ಡ ಗಾಡಿಗೆ ಗುಂಡಿ ಇರತಾವಂತ, ಒತ್ತಿದ್ರ ಆತು.
ನಂದಕ್ಕ ಎರಡು ಬಟ್ಟು ಗ್ಲಾಸು ಇಳಸೂದೊಂದ ಉಪಾಯ.
ಥಂಡಿ, ಅಂತಾರ ಎಲ್ಲಾರೂ ಒಂದ ದನೀಲೆ.
ಬರಲಿ, ಅಂತೀನಿ. ಕಾಣದಾಗ ಕೇಳಬೇಕು.
ಎರಡು ಡಬ್ಬಿ ಕಬ್ಬು ಹೇರಿದ ಟ್ರ್ಯಾಕ್ಟರಿಗೆ
ಹಿಂದ ಲೈಟಿರೂದಿಲ್ಲ, ಒಂದು ಕೆಂಪು ಚಿಂದಿ ಸೈತ ಇರೂದಿಲ್ಲ,
ಆದ್ರ ಅದರ ಟೇಪಿನ ಹಾಡು
ಅರ್ಧ ಫರ್ಲಾಂಗು ಮೊದಲ ಬಂದು ಹೇಳತೈತಿ.

ಎಡಗಡೆ ಗ್ಲಾಸು ದಸ್ತಗೀರಂದು.
ಒರಸೂದು, ಬಗ್ಗೂದು, ನೋಡೂದು,
"ಖಾಲಿ ಐತಿ, ಹೊಡಿ ಅಕ್ಕಾ" ಅನ್ನೂದು.
ಅದಕ್ಕೇನು ಬಾಡಿಗಿ ಕಡಿಮಿ ಮಾಡಿಲ್ಲ ನಾನು.

ಕಾರ್ತೀಕದಾಗ ಒಮ್ಮೆ ಬಾಕಿ ಕೇಳಿದೆ.
ಬಾಯ್ಲರಿನ ಎಣ್ಣಿ ಹತ್ತಿದ ಬೆರಳೀಲೆ
ಅದ ಗ್ಲಾಸಿನ ಮ್ಯಾಲೆ ಲೆಕ್ಕಾ ಬರದ:
೩೪೦. ಕೆಳಗೊಂದು ಗೆರಿ.
ಒರಸಿದ.

ಮರುದಿನ ಉಸರು ಏರಿದಕೂಡ್ಲೆ
೩೪೦ ಮೂಡಿ ಬಂತು, ಗೆರಿ ಸಮೇತ.
ಅದರ ಮರುದಿನಾನೂ ಬಂತು.
ನಾ ಮತ್ತೊಮ್ಮೆ ಬಾಯಿಬಿಟ್ಟು ಕೇಳಲಿಲ್ಲ,
ಗ್ಲಾಸು ಕೇಳತಿತ್ತು.
ಮಲಗೌಡ್ರು ತೂಕದ ಚೀಟಿ ಓದಿದಂಗ ಗಟ್ಟಿಯಾಗಿ ಓದತಿದ್ದರು,
ಜಯಮಾಲಾ ಸೆರಗು ಕಡದು ನಗತಿದ್ದಳು,
ದಸ್ತಗೀರ ಒರಸತಿದ್ದ.

ಸಂಕ್ರಾಂತಿ ಮುಂದ ಕೊಟ್ಟ.
ಹತ್ತರ ನೋಟು ಮೂವತ್ನಾಕು, ಬೆವರಿನ ವಾಸನಿ.
ಎಣಿಸಿ ತಗೊಂಡೆ.
ಮರುದಿನ ನಸುಕಿನಾಗ ಮತ್ತ ೩೪೦.
ಯಾರೂ ಓದಲಿಲ್ಲ.
ಅವನ ಮಾರಿ ನೋಡೂದು ಆಗಲಿಲ್ಲ ನನಗ.

ಮನಿಗೆ ಬಂದು ಸೋಪು ಹಚ್ಚಿದೆ,
ನಿಪ್ಪಾಣಿ ತಂಬಾಕು ನೀರಾಗ ನೆನಸಿ ತಿಕ್ಕಿದೆ,
ಕಡೀಕ ಸಾರಿಗಿಟ್ಟ ಬಟಾಟಿ ಕೊಯ್ದು
ಅದರ ಹಸೀ ಮಾರಿ ಗ್ಲಾಸಿಗೆ ಕೊಟ್ಟು
ಗುಂಡಗ, ಗುಂಡಗ, ಕೈ ಸೋಲೂತನಕ.

ಈಗ ಏಳು ಮಂದಿ ಎಷ್ಟ ಉಸರು ಬಿಡಲಿ,
ಎಡಗಡೆ ಗ್ಲಾಸು ಬೆಳ್ಳಗಾಗೂದಿಲ್ಲ.
ದಸ್ತಗೀರ ರೂಢಿಗೆ ಅರಿವಿ ಎತ್ತತಾನ,
ಎಲ್ಲಿ ಒರಸೂದು ತಿಳೀದ ತೊಡಿ ಮ್ಯಾಲೆ ಇಟಗೋತಾನ.
"ಖಾಲಿ ಐತಿ," ಅಂತಾನ. "ಹೊಡಿ."

ಗೆರಿ ಮಾತ್ರ ಉಳದೈತಿ,
ಕೆಳಗ ರಬ್ಬರಿನ ಹತ್ರ, ಬಟಾಟಿ ಮುಟ್ಟದ ಕಡೆ.
ಕಬ್ಬು ಕಡಿಯೋರ ಗುಡಿಸಲದಾಗಿನ ಬೆಂಕಿ,
ಕಾಲುವಿ ಪೂಲು, ನಿದ್ದಿಗಣ್ಣಿನ ನಾಯಿ,
ಆಮ್ಯಾಲೆ ತಡಮಾಡಿ ಬರೂ ಹೊತ್ತು:
ಒಂದಾದ ಮ್ಯಾಲೊಂದು ಬಂದು ಆ ಗೆರಿ ಮ್ಯಾಲೆ ಕೂಡತಾವ.