ನಡುಗೋಡೆ

ಫೋನಿನಲ್ಲಿ ಗ್ಯಾರೆತ್ ಕೇಳುತ್ತಾನೆ, ದನಿಯಲ್ಲಿ ಆತುರವಿಲ್ಲ:
ಸೂರು ಎಷ್ಟು ರಾತ್ರಿ ತೆರೆದಿರುತ್ತದೆ?
ಹನ್ನೊಂದು, ಎನ್ನುತ್ತೇನೆ.
ಮೇಸ್ತ್ರಿ ಒಂಬತ್ತು ಅಂದಿದ್ದ. ಎರಡು ನನ್ನ ಕಡೆಯಿಂದ,
ಹೆರಿಗೆಯ ದಿನ ಎಣಿಸುವಾಗ ಅವ್ವ ಸೇರಿಸುತ್ತಿದ್ದ ಹಾಗೆ.

ಬೆಂಕಿ ಹಚ್ಚುವ ಕೆಲಸ ಇದೆಯೆ? ಮನೆ ಬಿಟ್ಟು ಹೋಗುತ್ತೀರಾ?
ಮೇಸ್ತ್ರಿಯ ಸ್ವಂತ ವಿಮೆಯ ಪತ್ರ ಕಣ್ಣಾರೆ ನೋಡಿದ್ದೀರಾ?
ಇಡೀ ಮನೆ ಬುಡದಿಂದ ಮತ್ತೆ ಎಬ್ಬಿಸಿದರೆ ಎಷ್ಟಾದೀತು?
ಕೊಂಡ ಬೆಲೆ ಅಲ್ಲ ಮೇಡಂ,
ಕಟ್ಟುವ ಬೆಲೆ.

ಶಿವಯೋಗಿ ಚಹಾ ಸೋಸುತ್ತ ಗೊಣಗುತ್ತಾನೆ:
ಹೇಳದಿದ್ರ ಅವರಿಗೇನು ಕನಸು ಬೀಳತೈತೇನು?
ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಹದಿನೇಳು ವರ್ಷ ನಿಂತವಳು ನಾನು.
ಬೇರೇನಾದರೂ ಮಾತ್ರೆ ತಗೊಳ್ತೀರಾ ಎಂದರೆ
ಇಲ್ಲವೆಂದು ತಲೆಯಾಡಿಸಿದವರು
ಮೂರು ದಿನಕ್ಕೆ ಗಾಲಿಕುರ್ಚಿಯಲ್ಲಿ ಬಂದದ್ದು ಬಲ್ಲೆ.
ಅಟ್ಟದಿಂದ ಬಿದ್ದವನಿಗೆ ದಡಿಗೆ ತಗೊಂಡು ಹೇರಿದರಂತೆ.
ಎಲ್ಲವನ್ನೂ ಹೇಳಿದೆ.
ಕಂತು ನಲವತ್ಮೂರು ಪೌಂಡು ಏರಿತು.

ಕಾರ್ಡಿಫ್‌ನ ಸ್ಪ್ಲಾಟ್‌ನಲ್ಲಿ ಮನೆಗಳು ಹೆಗಲಿಗೆ ಹೆಗಲು.
ಒಂದು ಕೆಮ್ಮಿದರೆ ಸಾಲೇ ಅಲುಗುತ್ತದೆ.
ಇರುವ ಎರಡು ಕೋಣೆಯಲ್ಲಿ ಒಂದಕ್ಕೆ
ಮಕ್ಕಳು ನೀಲಿ ಟೇಪು ಹಚ್ಚಿ ಗಡಿ ಹಾಕಿದ್ದಾರೆ:
ಕಿಟಕಿ ದಾನೇಶ್ವರಿಯ ಪಾಲು (ಶಾಲೆಯಲ್ಲಿ ಅವಳು ಡ್ಯಾನಿ),
ರೇಡಿಯೇಟರ್ ಸುವ್ವಿಯ ಪಾಲು.
ಚಳಿಗಾಲದಲ್ಲಿ ಒಪ್ಪಂದ ಮುರಿಯುತ್ತದೆ.
ಅದಕ್ಕೇ ಅಟ್ಟ.

ಅಟ್ಟವೆಂದರೆ ಸುಮ್ಮನೆ ಅಲ್ಲ.
ನಲವತ್ತು ಘನ ಮೀಟರಿನ ಒಳಗಿದ್ದರೆ ಕೌನ್ಸಿಲ್ಲಿನ ಅಪ್ಪಣೆ ಬೇಡ,
ಬಾವಲಿಗಳಿಲ್ಲವೆಂದು ಯಾರಾದರೂ ಟಾರ್ಚು ಹಿಡಿದು ನೋಡಬೇಕು,
ಮೆಟ್ಟಿಲ ಮೇಲೆ ಎರಡು ಮೀಟರ್ ತಲೆಜಾಗ, ಶಿವಯೋಗಿಯ ತಲೆಗಲ್ಲ, ಕಾಯಿದೆಯ ತಲೆಗೆ,
ಮೆಟ್ಟಿಲ ಕಡೆ ತೆರೆಯುವ ಕೋಣೆಗಳಿಗೆಲ್ಲ ಬೆಂಕಿ ತಡೆವ ಬಾಗಿಲು,
ಹೊಗೆ ಕಂಡರೆ ಕೂಗುವ ಯಂತ್ರ,
ಮೆಣಸಿನಕಾಯಿ ಒಗ್ಗರಣೆಗೂ ಕೂಗುವಂಥದ್ದು.
ಗದಗದ ನಮ್ಮ ಮಾಳಿಗೆಗೆ ಒಂದು ಬೆಳಕಿಂಡಿ ಇತ್ತು.
ಮಳೆ ಹನಿಸಿದರೆ ಯಾರೋ ಏಣಿ ಹತ್ತಿ
ಬೋಗುಣಿ ಕವುಚಿ ಬರುತ್ತಿದ್ದರು.
ಅಷ್ಟೇ ನಮ್ಮ ವಿಮೆ.

ಉಕ್ಕಿನ ತೊಲೆಯ ತುದಿ ಪಕ್ಕದ ಮನೆಯ ಗೋಡೆಗೆ ಊರಬೇಕು.
ಪಾರ್ಟಿ ವಾಲ್ ಅಂತೆ ಅದರ ಹೆಸರು.
ಕೇಕು ಎಲ್ಲಿ, ಎಂದಳು ಸುವ್ವಿ.
ಮಿಸೆಸ್ ಪ್ರಾಸರ್‌ಗೆ ನೋಟಿಸು ಕೊಟ್ಟೆವು,
ಉತ್ತರಕ್ಕೆ ಹದಿನಾಲ್ಕು ದಿನ.
ಹದಿಮೂರನೆಯ ಸಂಜೆ ಬಂದಳು, ಚಪ್ಪಲಿಯಲ್ಲೇ, ಕಾಗದ ಮಡಚಿ ಹಿಡಿದು.
ಒಂದು ಮಾತು ಕೇಳಲೇ ಎಂದಳು.
ರವಿವಾರ ಬೆಳಿಗ್ಗೆ ಗೋಡೆಗೆ ಬರುವ ಆ ಸದ್ದು,
ಪಟ್ ಪಟ್ ಪಟ್,
ಹನ್ನೆರಡು ವರ್ಷದಿಂದ ನೀವು ಏನು ರಿಪೇರಿ ಮಾಡುತ್ತಿದ್ದೀರಿ?

ಜೋಳದ ಹಿಟ್ಟು ತೋರಿಸಿದೆ. ಒಂದು ರೊಟ್ಟಿ ಬಡಿದೆ.
ಅವಳು ನಿಂತೇ ತಿಂದಳು, ಬೆಣ್ಣೆಯ ಜೊತೆಗೆ, ಚಟ್ನಿಪುಡಿ ಮುಟ್ಟದೆ.
ಅಡುಗೆಮನೆಯನ್ನೂ ಮೇಲಕ್ಕೆ ಒಯ್ಯುತ್ತೀರೇನೋ ಅಂದುಕೊಂಡೆ,
ಎಂದು ಸಹಿ ಹಾಕಿದಳು.

ಏಳನೆಯ ರಾತ್ರಿ ಕಡಲ ಕಡೆಯಿಂದ ಗಾಳಿ ಎದ್ದಿತು.
ಟಾರ್ಪಾಲು ಬಡಿದುಕೊಳ್ಳುತ್ತಿತ್ತು, ಅಡ್ಡಾದಿಡ್ಡಿ,
ಕೈ ಪಳಗದ ಹೊಸ ಸೊಸೆಯ ರೊಟ್ಟಿಯಂತೆ.
ಡ್ಯಾನಿ ಟೇಪು ದಾಟಿ ತಂಗಿಯ ಹೊದಿಕೆಯೊಳಗೆ ತೂರಿಕೊಂಡಳು.
ಮೇಲಿನ ಕೋಣೆ ನನಗೊಬ್ಬಳಿಗೇ ಯಾಕೆ, ಎಂದಳು
ಆರು ತಿಂಗಳು ಅದಕ್ಕಾಗಿ ಅತ್ತವಳು.
ಆಗ ಗೋಡೆಯ ಆಚೆಯಿಂದ ಅಂಗೈಯ ಸದ್ದು:
ಪಟ್. ಪಟ್.
ಶಿವಯೋಗಿ ಎದ್ದು ಕೂತು, ಇತ್ತ ಕಡೆಯಿಂದ
ಎರಡು ಬಡಿದ.

ಬೆಳಿಗ್ಗೆ ಬಕೆಟ್ಟಿನಲ್ಲಿ ಎರಡಿಂಚು ನೀರು.
ಫೋಟೋ ತೆಗೆದಿಟ್ಟೆ,
ತಾರೀಖು ಕಾಣುವ ಹಾಗೆ.