ಒದ್ದೆ ಅಂಗಿ

ಉಲಾನ್‌ಬಾತರಿನ ಗುಡ್ಡದ ಮೇಲೆ, ಜನವರಿ.
ಗುಡಾರದ ನಡುವೆ ಒಲೆ, ಒಲೆಯ ಹೊಟ್ಟೆಯಲ್ಲಿ ಕಲ್ಲಿದ್ದಲು,
ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ.
ಒಳಗೆ, ಕತ್ತಲಲ್ಲಿ, ಒಂದು ಸದ್ದು:
ಕರ ಕರ ಕರ.
ಇಲಿಯಲ್ಲ.
ನನ್ನ ತಮ್ಮ ತುಶಿಗ್, ಎರಡು ವರ್ಷ,
ಮೊಣಕಾಲ ಹಿಂದಿನ ಮಡಿಕೆ ಕೆರೆಯುತ್ತಿದ್ದಾನೆ,
ನಿದ್ದೆಯಲ್ಲೇ.

ನನಗಾಗ ಹನ್ನೊಂದು.
ಅಮ್ಮನಿಗೆ ಬ್ರೆಡ್ಡಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ,
ಅವನ ಕೈ ಹಿಡಿಯುವುದು ನನ್ನ ಪಾಳಿ.
ಕೈ ಹಿಡಿದರೆ ಕಾಲಿಗೆ ಕಾಲು ಉಜ್ಜುತ್ತಿದ್ದ,
ಕಾಲು ಒತ್ತಿದರೆ ಕೆನ್ನೆಯನ್ನು ಹಾಸಿಗೆಗೆ.
ತುರಿಕೆಗೆ ಎಷ್ಟೊಂದು ಬಾಗಿಲು!
ಬೆಳಗ್ಗೆ ದಿಂಬಿನ ಮೇಲೆ ಹಕ್ಕಳೆಯ ಪುಡಿ,
ಸಣ್ಣ ಸಣ್ಣ ಕೆಂಪು ಚುಕ್ಕೆ.
ತರಗತಿಯಲ್ಲಿ ತೂಕಡಿಸುತ್ತಿದ್ದವಳನ್ನು ಎಬ್ಬಿಸಿ
ಮೇಷ್ಟ್ರು ಕೇಳಿದರು: ಮರುಭೂಮಿ ಎಲ್ಲಿಂದ ಹಬ್ಬುತ್ತದೆ?
ನಾನೆಂದೆ: ಮಡಿಕೆಗಳಿಂದ.
ಎಲ್ಲರೂ ನಕ್ಕರು.

ಅಜ್ಜಿ ದುಲ್ಮಾಗೆ ಎಲ್ಲದಕ್ಕೂ ಒಂದೇ ಮದ್ದು,
ಕುರಿಬಾಲದ ಕೊಬ್ಬು.
ನೆಗಡಿಗೆ, ಬಿರುಕಿಗೆ, ಹಠಕ್ಕೆ.
ಸವರಿ, ಉಣ್ಣೆಯಲ್ಲಿ ಬಿಗಿಯಾಗಿ ಸುತ್ತಿ,
"ಒಂಟೆಮರಿಯೂ ಹೀಗೇ ಬದುಕುತ್ತದೆ" ಎಂದಳು.
ಆ ರಾತ್ರಿ ಅವನ ಅಳು
ಮೂರು ಬೇಲಿಯಾಚೆಯ ನಾಯಿಗಳಿಗೂ ಅಂಟಿತು.
ಅಂಟುತ್ತದೆಂದೇ ನೆರೆಯವಳು
ತನ್ನ ಮಗನನ್ನು ಹಿಂದಕ್ಕೆ ಎಳೆದುಕೊಂಡಳು.

ಡಾಕ್ಟರ್ ಸಾರನ್‌ಚಿಮೆಗ್
ಅವನ ಮೊಣಕೈ ಮಗುಚಿ ನೋಡಿ ಅಜ್ಜಿಗೇ ಹೇಳಿದಳು:
"ಇದು ಇಸುಬು. ಅಂಟುವುದಿಲ್ಲ. ಯಾರ ಪಾಪವೂ ಅಲ್ಲ.
ಗುಡಾರದ ಹೊದಿಕೆ ಸವೆದರೆ
ಶಾಖ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುತ್ತದೆ, ಅಲ್ಲವೆ?
ಇವನ ಚರ್ಮವೂ ಹಾಗೆ.
ನೀರು ಹೊರಗೆ. ಧೂಳು, ಸಾಬೂನು, ಹೊಗೆ ಒಳಗೆ."
"ಹೋಗುತ್ತದೆಯೆ?" ಅಮ್ಮ ಕೇಳಿದಳು.
ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿ, ತೆಗೆದು,
"ಪಳಗುತ್ತದೆ" ಎಂದಳು.

ಅಜ್ಜಿಗೆ ಆ ಒಂದು ಮಾತು ಹಿಡಿಸಿತು.
ಕುದುರೆ ಪಳಗಿಸಿದವಳು,
ಪಳಗಿದ್ದೂ ಒಮ್ಮೊಮ್ಮೆ ಒದೆಯುತ್ತದೆಂದು ಬಲ್ಲವಳು.

ಆಮೇಲೆ ನೀರಿನ ಲೆಕ್ಕ ಬದಲಾಯಿತು.
ಕೆಳಗಿನ ನೀರಿನ ಕಟ್ಟೆಯಿಂದ ಬಂಡಿಯಲ್ಲಿ ಎರಡು ಕ್ಯಾನು,
ಏರಿನಲ್ಲಿ ನಾನು ಎಳೆಯಬೇಕು, ಅಮ್ಮ ನೂಕಬೇಕು.
ಒಂದರಲ್ಲಿ ಅಡುಗೆ, ಚಹಾ, ನಮ್ಮೆಲ್ಲರ ಮುಖ.
ಇನ್ನೊಂದು ಪೂರ್ತಿ ಅವನದು.
ಉಗುರುಬೆಚ್ಚಗೆ, ಹತ್ತು ನಿಮಿಷ, ಘಮ್ಮೆನ್ನುವ ಸಾಬೂನಿಲ್ಲ.
ಉಜ್ಜಬಾರದು, ಬಟ್ಟೆಯಿಂದ ಒತ್ತಬೇಕು.
ಕೆಂಪಿದ್ದಲ್ಲಿ ಮುಲಾಮು: ಅಮ್ಮನ ಬೆರಳತುದಿಯಷ್ಟು,
ಅವಳದೇ ಎರಡು ಅಂಗೈಯಗಲಕ್ಕೆ.
ಉಳಿದಲ್ಲೆಲ್ಲ ಮೈ ಆರುವ ಮೊದಲೇ ಬಿಳಿ ಜಿಡ್ಡು, ದಪ್ಪಗೆ.
ಮೇಲೆ ಹಿಂಡಿದ ಹತ್ತಿಯಂಗಿ, ಒದ್ದೆಯದು.
ಅದರ ಮೇಲೆ ಒಣಗಿದ್ದು.

"ಈ ಚಳಿಯಲ್ಲಿ ಮಗುವಿಗೆ ಒದ್ದೆ ಅಂಗಿ!"
ಅಜ್ಜಿ ಎದೆ ಬಡಿದುಕೊಂಡಳು.
ಮುಲಾಮು ವಿಷವೆಂದು ಯಾರೋ ಅಂದದ್ದಕ್ಕೆ
ಟ್ಯೂಬನ್ನು ಪೆಟ್ಟಿಗೆಯ ಹಿಂದೆ ಬಚ್ಚಿಟ್ಟಳು, ಎರಡು ದಿನ.
ಮೂರನೆಯ ದಿನ ತನ್ನ ತೋಳಿನ ಮೇಲೆ ಅವನ ರಕ್ತ ಕಂಡು
ತಾನೇ ತಂದು ನನ್ನ ಕೈಲಿಟ್ಟಳು.
ನಾನು ಅಮ್ಮನಿಗೆ ಹೇಳಲಿಲ್ಲ.

ಒಂದು ಸಂಜೆ ಎತ್ತಿಕೊಂಡರೆ ಕೊಸರಿದ.
ಅವಳ ಕುರಿಮರಿತೊಗಲಿನ ಕೊರಳಪಟ್ಟಿ
ತಾಗಿದಷ್ಟೂ ಅಗಲ ಕೆನ್ನೆ ಕೆಂಪಾಗಿತ್ತು.
ಅಜ್ಜಿ ಅವನನ್ನಿಳಿಸಿ
ತನ್ನ ಕೊರಳನ್ನೇ ಮುಟ್ಟಿ ನೋಡಿಕೊಂಡಳು,
ಅಲ್ಲಿ ಬೇರೆ ಯಾರೋ ಕೂತಿದ್ದಂತೆ.
ಮರುದಿನ ಹಿಟ್ಟಿನ ಚೀಲವೊಂದನ್ನು ಒಗೆದು, ಮತ್ತೆ ಒಗೆದು,
ತನ್ನ ನಿಲುವಂಗಿಯ ಮೇಲೆ ತೊಡಲು ಮೇಲಂಗಿ ಹೊಲಿದಳು.
ಎದೆಯ ಮೇಲೆ ಅರ್ಧ ಅಳಿಸಿದ ಗಿರಣಿಯ ಹೆಸರು.
ಉಳಿದ ತುಂಡಿನಲ್ಲಿ ಅವನಿಗೆ
ಬೆರಳಿಲ್ಲದ ಕೈಚೀಲ.

ಆ ವಾರವೋ, ಮುಂದಿನ ವಾರವೋ,
ಸದ್ದಿಲ್ಲದ್ದಕ್ಕೆ ನನಗೆ ಎಚ್ಚರವಾಯಿತು.
ಉಸಿರಿದೆಯೆ ಎಂದು ಮೂಗಿನ ಬಳಿ ಬೆರಳಿಟ್ಟೆ.
ಇತ್ತು. ಬೆಚ್ಚಗಿತ್ತು.
ಮತ್ತೆ ನಿದ್ದೆ ಬರಲಿಲ್ಲ, ಕೇಳುತ್ತ ಮಲಗಿದೆ:
ಒಲೆಯಲ್ಲಿ ಇದ್ದಲು ಕುಸಿಯುವುದು,
ಬೇಲಿಯಾಚೆ ಯಾರೋ ಹಿಮ ತುಳಿದು ಹೋಗುವುದು.
ಇವೆಲ್ಲ ಮೊದಲಿಂದಲೂ ಇದ್ದವೆ?

ಮಾರ್ಚಿಯಲ್ಲಿ ಧೂಳಿನ ಗಾಳಿ ಬಂತು.
ಮೊಣಕಾಲ ಹಿಂದೆ ಮತ್ತೆ ಕೆಂಪು.
ಅಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು.
"ಒದೆಯಿತು, ಅಷ್ಟೆ" ಎಂದಳು ಅಜ್ಜಿ,
ನೀರು ಕಾಯಲಿಟ್ಟಳು.
ತುಶಿಗ್ ಬಂದು ನನ್ನ ಮುಂದೆ ನಿಂತ,
ಯಾರೂ ಹೇಳದೆ ಎರಡೂ ತೋಳೆತ್ತಿದ,
ಅಂಗಿಗೆ.