ಎದ್ದಾಗಲೆಲ್ಲ

ನಾರಿನ್ ಊರಿನ ಆಸ್ಪತ್ರೆಯಲ್ಲಿ ನಾನು ರಾತ್ರಿ ಕಾವಲು.
ಅದಕ್ಕೂ ಮುಂಚೆ ಇಪ್ಪತ್ತಾರು ವರ್ಷ ಲಾರಿ,
ದೊಲೋನ್ ಘಾಟಿ ದಾಟಿಸಿ ಕಲ್ಲಿದ್ದಲು ಹೊತ್ತದ್ದು.
ಅಲ್ಲಿಯ ಚಳಿಗೆ ಇಂಜಿನ್ ತಾನಾಗಿ ಏಳುವುದಿಲ್ಲ.
ಅದರ ಹೊಟ್ಟೆಯಡಿ ಅಂಗಾತ ಮಲಗಿ
ಬೆಂಕಿ ಊದುವ ದೀಪ ಹಿಡಿದು ಎಣ್ಣೆ ಕರಗಿಸಬೇಕು,
ಹುಬ್ಬು ಸುಡುತ್ತದೆ, ಬೆನ್ನು ಹೆಪ್ಪುಗಟ್ಟುತ್ತದೆ.
ಎಬ್ಬಿಸುವ ಕೆಲಸ ನನಗೆ ಹೊಸದಲ್ಲ.

ಇಲ್ಲಿ ಎಬ್ಬಿಸಬೇಕಾದದ್ದು ಕಣ್ಣಿಗೆ ಕಾಣದ್ದು.
ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಸರ್ವರ್,
ಗಾತ್ರ ಟ್ರಂಕಿನಷ್ಟು, ಸದ್ದು ಗಿರಣಿಯದು.
ಕರೆಂಟು ಹೋದರೆ ಸಾಯುತ್ತದೆ, ಬಂದರೆ ಏಳುತ್ತದೆ.
ಏಳುತ್ತದೆ ನಿಜ, ಪೂರ್ತಿ ಏಳುವುದಿಲ್ಲ:
ಒಳಗೆ ಕ್ಯಾಶ್ ಎಂಬುವನೊಬ್ಬ ಮಲಗೇ ಇರುತ್ತಾನೆ.
ದುಡ್ಡಿನ ಕ್ಯಾಶ್ ಅಲ್ಲ. ಅದಾಗಿದ್ದರೆ
ಎಬ್ಬಿಸಲು ದೊಡ್ಡ ಡಾಕ್ಟರೇ ಓಡಿ ಬರುತ್ತಿದ್ದರು.
ಇವನು ನೆನಪಿಟ್ಟುಕೊಳ್ಳುವವನು,
ಪದೇಪದೇ ಬೇಕಾದ್ದನ್ನು ಒಲೆಯ ಪಕ್ಕ ಇಟ್ಟುಕೊಂಡವನು.
ಇವನಿಲ್ಲದಿದ್ದರೆ ಒಂದು ಹೆಸರು ಕೇಳಿದರೂ
ಯಂತ್ರ ಪ್ರತಿಸಲ ಅಟ್ಟಕ್ಕೆ ಏಣಿ ಹಾಕುತ್ತದೆ,
ನರ್ಸು ಪರದೆಯೆದುರು ಉಗುರು ಕಚ್ಚುತ್ತಾಳೆ.

ಮುಂಚಿನ ಇಂಜಿನಿಯರ್ ರಷ್ಯಾಕ್ಕೆ ಹೋಗುವಾಗ
ಒಂದು ಚೀಟಿ ಕೊಟ್ಟುಹೋಗಿದ್ದ, ಲ್ಯಾಟಿನ್ ಅಕ್ಷರ.
ನನಗೆ ಓದಲು ಬರುವುದಿಲ್ಲ, ಆಕಾರ ನೋಡಿ ಒತ್ತುತ್ತಿದ್ದೆ:
ಹಾವು, ಶಿಲುಬೆ, ನಮ್ಮದೇ ಒಂದು ‘ಅ’,
ಕೊಕ್ಕೆ, ಮತ್ತೆ ಶಿಲುಬೆ.
ಚೀಟಿಯ ಹಿಂದೆ ಮೊಮ್ಮಗಳ ಬೂಟಿನ ಅಳತೆ: ಮೂವತ್ತನಾಲ್ಕು.

ಮಾರ್ಚಿನಲ್ಲಿ ಜಿಪಾರ್ ಬಂದಳು,
ಬಿಷ್ಕೆಕ್‌ನಿಂದ ವ್ಯಾನಿನಲ್ಲಿ, ದಾರಿಯುದ್ದಕ್ಕೂ ವಾಂತಿ.
ಚಹಾ ಕುಡಿದು, ಚೀಟಿ ನೋಡಿ ನಕ್ಕಳು,
ಆಮೇಲೆ ನಗು ನಿಲ್ಲಿಸಿ ಕೇಳಿದಳು: ಎಷ್ಟು ರಾತ್ರಿ, ಬಾಯ್ಕೆ?
ಲೆಕ್ಕ ಇಟ್ಟಿಲ್ಲ ಅಂದೆ.
ಇಟ್ಟಿದ್ದೆ. ನೂರ ಹನ್ನೊಂದು.

‘ಶುರುವಾಗು’ ಅನ್ನುವುದು ಒಂದು ಮಾತು, ಅಂದಳು,
‘ಎದ್ದಾಗಲೆಲ್ಲ ಶುರುವಾಗು’ ಅನ್ನುವುದು ಇನ್ನೊಂದು.
ನಿಮಗೆ ಮೊದಲನೆಯದನ್ನಷ್ಟೇ ಬರೆದುಕೊಟ್ಟಿದ್ದಾನೆ.
ಅವಳು ಬರೆದದ್ದು ಒಂದೇ ಸಾಲು,
ನನ್ನ ಚೀಟಿಗಿಂತ ಒಂದೇ ಪದ ಬೇರೆ.

ಈಗ ಪ್ಲಗ್ ಕೀಳಿ.
ನಾನಾ?
ನೀವೇ.
ಮಲಗಿದ ಕೂಸಿನ ಕಂಬಳಿ ಎಳೆದ ಹಾಗಾಯಿತು.
ಗಿರಣಿ ನಿಂತಿತು. ಗೋಡೆಯಾಚೆ ಯಾರೋ
ಕೆಮ್ಮುತ್ತಿದ್ದರೆಂದು ಆಗ ಗೊತ್ತಾಯಿತು.
ಮತ್ತೆ ಚುಚ್ಚಿದೆ. ಕಾದೆವು.
ಕೆಂಪು.

ಎದ್ದಿದ್ದಾನೆ, ಅಂದಳು, ಆದರೆ ನೆಟ್‌ವರ್ಕಿಗಿಂತ ಮುಂಚೆ ಎದ್ದು
ಕಾಲೂರಲು ನೆಲ ಸಿಗದೆ ಬಿದ್ದಿದ್ದಾನೆ.
ಇದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.
ಎಣ್ಣೆ ಕರಗುವ ಮುಂಚೆ ಕೀಲಿ ತಿರುಗಿಸಿ
ನಾನೇ ಎಷ್ಟು ಬ್ಯಾಟರಿ ಕೊಂದಿಲ್ಲ.
ಮೊದಲು ಎಣ್ಣೆ, ಅಂದೆ.
ಹೂಂ, ಮೊದಲು ಎಣ್ಣೆ, ಎನ್ನುತ್ತಾ ಇನ್ನೊಂದು ಸಾಲು ಬರೆದಳು:
ನೆಟ್‌ವರ್ಕು ಬಂದ ಮೇಲೆ ನೀನು.
ಮತ್ತೆ ಕಿತ್ತೆ. ಈ ಸಲ ಕೈ ನಡುಗಲಿಲ್ಲ.
ಹಸಿರು.

ಅವನ ನೆನಪು?
ಹೋಯಿತು. ಪ್ರತಿಸಲವೂ ಹೋಗುತ್ತದೆ,
ಎದ್ದಾಗ ಬರಿಗೈ. ಮೊದಲು ಕೇಳಿದವರಿಗೆ ತಡ,
ಎರಡನೆಯವರಿಗೆ ತಟ್ಟನೆ.
ಹೀಗೆಂದು ಅವಳು ಬ್ಯಾಗಿಗೆ ಜಿಪ್ಪು ಎಳೆದಳು.

ಮೊನ್ನೆ ಮೂರು ಗಂಟೆಗೆ ಕರೆಂಟು ಹೋಯಿತು.
ಕಾಲು ತಾನಾಗಿ ಬೂಟು ಹುಡುಕಿತು,
ನನಗೆ ಯಾರೂ ಹೊಸ ಸಾಲು ಬರೆದಿಲ್ಲವಲ್ಲ.
ಕತ್ತಲಲ್ಲಿ ಹೋಗಿ ಪೆಟ್ಟಿಗೆಯ ಮುಂದೆ ನಿಂತೆ.
ದೀಪ ಬಂತು, ಗಿರಣಿ ಬಂತು, ಹಸಿರು ಬಂತು.
ಮಾಡಲು ಏನೂ ಇರಲಿಲ್ಲ.
ಮೇಲೆ ಹೆರಿಗೆ ಕೋಣೆಯಲ್ಲಿ ಅಸಿಲ್ಗುಲ್
ಯಾರದೋ ಹೆಸರು ಒತ್ತಿರಬೇಕು:
ಪೆಟ್ಟಿಗೆ ಗುರ್ ಎಂದು ಅಟ್ಟ ಹತ್ತಿ ಇಳಿಯಿತು.
ಮತ್ತೊಮ್ಮೆ ಒತ್ತಿದಳೋ ಏನೋ, ಸದ್ದೇ ಇಲ್ಲ.

ಚೀಟಿ ಒಲೆಗೆ ಹಾಕೋಣವೆಂದು ತೆಗೆದೆ.
ಹಿಂದೆ ಮೂವತ್ತನಾಲ್ಕು.
ಈಗ ಮೂವತ್ತಾರು ಆಗಿರಬೇಕು ಅವಳ ಕಾಲು.
ಫೋನು ಮಾಡಿ ಕೇಳಬೇಕು,
ಬೆಳಗಾಗಲಿ.